ಬೆರಳೆಣಿಕೆ

ಬುಧವಾರ ಎರಡರಿಂದ ನಾಲ್ಕು, ಟೋರ್ನಿಯೊ ಗ್ರಂಥಾಲಯದಲ್ಲಿ
ಯಂತ್ರ ಕೈಕೊಟ್ಟವರಿಗೆ ನಾನು ಸಿಗುತ್ತೇನೆ.
ಈ ಸಲ ಎನ್ಸಿಯೊ. ಟೊಪ್ಪಿಗೆಯ ಹಿಮ ಕೊಡವಿ,
ಮೀನು ನಾರುವ ಚೀಲದಿಂದ ಲ್ಯಾಪ್‌ಟಾಪ್ ಎಳೆದು ಕೇಳಿದ:
ತೆರೆದಿಟ್ಟ ಕಿಟಕಿಗಳೆಲ್ಲ ಒಟ್ಟಿಗೇ ಕಾಣುವುದು ಹೇಗೆ?

ಸುಲಭ, ಅಂದೆ. ಮೂರು ಬೆರಳಿಟ್ಟು ಮೇಲಕ್ಕೆ ಸರಿಸಿ.

ಬಲಗೈಯನ್ನು ಮೇಜಿನ ಮೇಲಿಟ್ಟ.
ಹೆಬ್ಬೆರಳು, ತೋರುಬೆರಳು.
ಆಮೇಲೆ ಮೇಜೇ.
ಗರಗಸದ ಮಿಲ್ಲು, ಎಪ್ಪತ್ತೊಂಬತ್ತನೇ ಇಸವಿ;
ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿಯದು,
ಮೂರಕ್ಕೇ ಸಾಕೆಂದಿತಂತೆ.

ಎಡಗೈ ಇದೆಯಲ್ಲ?
"ಎಡಗೈ ಕಾಫಿಗೆ."

ಸೆಟ್ಟಿಂಗ್ಸ್‌ನಲ್ಲಿ ಮೂರಕ್ಕೆ ಜಾಗವಿತ್ತು, ನಾಲ್ಕಕ್ಕಿತ್ತು.
ಒಳಗಿಳಿದೆ. ಫೋಲ್ಡರಿನ ಹೊಟ್ಟೆಯಲ್ಲಿ ಫೋಲ್ಡರು,
ಕಣ್ಣಿಗೆ ಬೀಳದಿರಲೆಂದು ಚುಕ್ಕಿಯಿಂದ ಹೆಸರು ಶುರುವಾಗುವ ಕಡತ,
ಅದರ ನಲವತ್ತೊಂದನೇ ಸಾಲಿಗೆ ಬೇಲಿಯಂಥ ಒಂದು ಗುರುತು:
ಯಾವನೋ ಎಂಜಿನಿಯರು ಎರಡು ಬೆರಳಿಗೂ ಬರೆದಿದ್ದ,
ಬರೆದು, ಬೇಡವೆನಿಸಿ, ಬೇಲಿ ಹಾಕಿ ಹೋಗಿದ್ದ.
ಅಳಿಸಿರಲಿಲ್ಲ, ಪುಣ್ಯಾತ್ಮ.

ಬೇಲಿ ಕಿತ್ತೆ. ಸೊನ್ನೆಯ ಜಾಗಕ್ಕೆ ಒಂದು.
ಸರಿಸಿದ. ಏನೂ ಆಗಲಿಲ್ಲ.
ಹೆಬ್ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ,
ಅಂಗೈ ತಾಗಿತೆಂದು ಲೆಕ್ಕದಿಂದ ಬಿಡುತ್ತದೆ.
ಮತ್ತೊಂದು ಸಾಲು ಹುಡುಕಬೇಕಾಯಿತು, ಇನ್ನೂ ಕೆಳಗೆ.
ಪುಟ ಸರಿಸಲು ಇನ್ನು ಎರಡು ಬೆರಳಿಲ್ಲ, ಎಚ್ಚರಿಸಿದೆ,
ಬಲ ಅಂಚಿನಲ್ಲಿ ಒಂದೇ ಬೆರಳು, ಹಳೇ ಕಾಲದ ಹಾಗೆ.
"ನಾನೂ ಹಳೇ ಕಾಲದವನೇ."

ಸರಿಸಿದ.
ಪರದೆ ಒಡೆದು ಹೋಳುಹೋಳಾಗಿ ಹರಡಿತು:
ಅಪ್ಪ ಬರೆದಿಟ್ಟ, ಇವನು ಮುಂದುವರಿಸಿದ ಪಟ್ಟಿ,
ಯಾವ ವರ್ಷ, ಯಾವ ದಿನ, ಎಷ್ಟು ಗಂಟೆಗೆ
ನದಿಯ ಮಂಜುಗಡ್ಡೆ ಬಿರಿಯಿತೆಂದು;
ತೆರಿಗೆ ಕಚೇರಿಯ ಕಾಗದ, ಉತ್ತರಿಸದ್ದು;
ಸೇತುವೆಯಾಚೆ ಹಾಪರಾಂಡದ ಗುನ್‌ಬ್ರಿಟ್ ಜೊತೆ
ಅರ್ಧಕ್ಕೆ ನಿಂತ ಚದುರಂಗ
(ಅವಳ ಗಡಿಯಾರ ಒಂದು ಗಂಟೆ ಹಿಂದೆ,
ಅದಕ್ಕೇ ಅಷ್ಟು ಯೋಚಿಸುತ್ತಾಳೆ, ಅಂದ).

ಮುಚ್ಚಿದ. ತೆರೆದ. ಮುಚ್ಚಿದ. ಮತ್ತೆ ತೆರೆದ.
"ಮೇ ತಿಂಗಳಲ್ಲಿ ನದಿ ಹೀಗೇ ಒಡೆಯುತ್ತದೆ. ಸದ್ದು ಬೇರೆ ಇರುತ್ತದೆ."
ಎಡಗೈಯ ಕಾಫಿ ತಣ್ಣಗಾಗಿತ್ತು.

ಹೊರಡುವಾಗ ಕೋಟಿನ ಗುಂಡಿಗಳನ್ನು
ಅದೇ ಎರಡರಿಂದ, ನನಗಿಂತ ಬೇಗ, ಹಾಕಿಕೊಳ್ಳುತ್ತ ಕೇಳಿದ:
"ಬರೆದ ಮೇಲೆ ಅವನು ಮುಚ್ಚಿಟ್ಟದ್ದು ಯಾಕೆ?"

ಗೊತ್ತಿಲ್ಲ, ಅಂದೆ.

"ಐದೂ ಇದ್ದಿರಬೇಕು."