ಮಣ್ಣಿನ ಕಿವಿ

ಥ್ರಾಸೋಸನ ಫಿಯೆಟ್ಟಿಗೆ ಅವನ ಮದುವೆಯಷ್ಟೇ ವಯಸ್ಸು.
ಮದುವೆ ನಿಂತಿತು, ಕಾರು ಓಡುತ್ತಿದೆ.

ಪಾತ್ರಾ ಬಿಟ್ಟಾಗ ಬೆಳಗಿನ ಆರೂವರೆ.
ಎಡಕ್ಕೆ ಕೊಲ್ಲಿ, ಇನ್ನೂ ಮುಖ ತೊಳೆಯದ ನೀಲಿ.
ಹಿಂದಿನ ಸೀಟಿನಲ್ಲಿ ನಾನು, ಪೊಲಿಕ್ಸೇನಿ,
ನಮ್ಮಿಬ್ಬರ ನಡುವೆ ಒಂದು ಕಲ್ಲಂಗಡಿ.
ಇದ್ದೊಂದು ಬೆಲ್ಟನ್ನು ಅದಕ್ಕೆ ಕಟ್ಟಿದ್ದೆವು.

ಮುಂದೆ ಇಯೊರ್ದಾನಿಸ್.
ನಲವತ್ತು ವರ್ಷ ಊರಿನ ಮಾಡುಗಳಿಗೆ ಹೆಂಚು ಹೊದಿಸಿದವನು,
ಹೆಂಚು ಕೊಯ್ಯುವ ಗರಗಸಕ್ಕೆ ಎರಡೂ ಕಿವಿ ಕೊಟ್ಟವನು.
ಮಗಳು ತಂದುಕೊಟ್ಟ ಯಂತ್ರ ಅಂಗಿಯ ಜೇಬಿನಲ್ಲಿದೆ,
ಜೇಬಿಗೆ ಗುಂಡಿ ಹಾಕಿದೆ.
"ಕೇಳಬೇಕಾದ್ದೆಲ್ಲ ಕೇಳಿ ಆಯಿತು" ಎನ್ನುತ್ತಾನೆ,
ನಾವು ಏನೂ ಕೇಳದಿದ್ದಾಗಲೂ.

ಕೊರಿಂಥ್.
ಏಳು ಕಂಬ ನಿಂತಿವೆ,
ಚಪ್ಪರ ಬಿಚ್ಚಿದ ಮೇಲೂ
ಬಸ್ಸಿಗೆ ಕಾಯುವ ಬೀಗರ ಹಾಗೆ.
ಪೊಲಿಕ್ಸೇನಿ ಫಲಕ ಓದುತ್ತಾಳೆ, ಗಟ್ಟಿಯಾಗಿ.
ಔಷಧದಂಗಡಿಯಲ್ಲಿ ಜೀವ ಸವೆಸಿದವಳು,
ಬರೆದದ್ದು ಕಂಡರೆ ಕೊನೆಯ ಅಕ್ಷರದವರೆಗೂ ಬಿಡಳು.
ಒಂದೊಂದು ಕಂಬವೂ ಒಂದೇ ಕಲ್ಲಂತೆ.
ಇಯೊರ್ದಾನಿಸ್ ಕಂಬ ನೋಡಲಿಲ್ಲ,
ಅದರ ಮೇಲೆ ಈಗ ಇಲ್ಲದ್ದನ್ನು ನೋಡಿದ.
"ಮಾಡು ಎಲ್ಲಿ?"
ಅವನಿಗೆ ಎಲ್ಲ ದೇವಸ್ಥಾನವೂ ಸೋರುವ ಮನೆ.

ಮ್ಯೂಸಿಯಮ್ಮಿನ ಮೂಲೆಯ ಕೋಣೆಗೆ ಬೀಗ.
ಕಾವಲಿನ ಹೆಂಗಸು ಕೀಲಿ ತಂದಳು,
ಎದೆಯ ಚೀಟಿಯಲ್ಲಿ ಮರೂಸೋ ಎಂದಿತ್ತು,
ಎಡ ಮೊಣಕಾಲನ್ನು ಒಂದು ಹೆಜ್ಜೆ ಹಿಂದೆ ಬಿಟ್ಟು ನಡೆಯುತ್ತಿದ್ದಳು.
ಒಳಗೆ ಕಪಾಟಿನ ತುಂಬ ಮೈ:
ಬರಿ ಕೈ, ಬರಿ ಪಾದ, ಮೊಲೆ,
ಕಣ್ಣು, ಹೆರಳಿನ ಸಮೇತ ಅರ್ಧ ತಲೆ.
ವೈದ್ಯದೇವನಿಗೆ ಊರವರು ಒಪ್ಪಿಸಿದ ಮಣ್ಣಿನ ಹರಕೆ.
ಗುಣವಾದವರು ತಂದದ್ದೋ,
ಗುಣವಾಗಲೆಂದು ಬೇಡಿದವರು ತಂದದ್ದೋ,
ಫಲಕದಲ್ಲಿ ಇಲ್ಲ. ಪೊಲಿಕ್ಸೇನಿಗೆ ಸಿಟ್ಟು ಬಂತು:
"ಊಟಕ್ಕೆ ಮೊದಲೋ ಆಮೇಲೋ, ಬರೆಯಬೇಡವೇ?"

ಕೆಳಗಿನ ಅರೆಯಲ್ಲಿ ಒಂದು ಕಿವಿ.
ಅಂಗೈಯಷ್ಟು. ಹಾಲೆಯಲ್ಲಿ ಬಿರುಕು.
ಥ್ರಾಸೋಸ್ ಮೊಣಕೈಯಲ್ಲಿ ತಿವಿದ: "ನಿನ್ನದೇ, ತಗೋ!"
ನಾವು ನಕ್ಕೆವು.
ಇಯೊರ್ದಾನಿಸನಿಗೆ ಕೇಳಲಿಲ್ಲ,
ಅಥವಾ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.
ಎರಡಕ್ಕೂ ಅವನಲ್ಲಿ ಈಗ ಒಂದೇ ಮುಖ.

ಕುಕ್ಕರಗಾಲಲ್ಲಿ ಕೂತ, ಗಾಜಿಗೆ ಹಣೆ ತಾಗಿಸಿ.
ಬಹಳ ಹೊತ್ತು.
"ಮಣ್ಣು ಆರುವ ಮೊದಲೇ ಬೆಂಕಿಗಿಟ್ಟಿದ್ದಾರೆ" ಎಂದ,
"ಅದಕ್ಕೇ ಬಿರುಕು.
ಹೊರಗೆ ಯಾರೋ ಕಾಯುತ್ತಾ ನಿಂತಿದ್ದಿರಬೇಕು."

ಆಗ ಮರೂಸೋ ಬಗ್ಗಿದಳು,
ಅವನ ಬೆನ್ನ ಹಿಂದಿನಿಂದ ಏನೋ ಹೇಳಿದಳು, ಮೆಲ್ಲಗೆ,
ನಮಗೂ ಕೇಳಿಸದಷ್ಟು.
ಗಾಜಿನಲ್ಲಿ ಅವಳ ತುಟಿ ಆಡಿದ್ದು ಕಂಡಿತೇನೋ,
ತಲೆಯಾಡಿಸಿದ,
ಸಂತೆಯಲ್ಲಿ ಸಿಕ್ಕವರಿಗೆಲ್ಲ ಆಡಿಸುವ ಹಾಗೆ.
ಅವಳಿಗೆ ಅಷ್ಟೇ ಬೇಕಿತ್ತೋ ಏನೋ.
ಕಣ್ಣೊರೆಸಿಕೊಂಡು ದೀಪ ಆರಿಸಿದಳು.

ಪೈನ್ ಮರದ ಕೆಳಗೆ ಕಲ್ಲಂಗಡಿ ಕೊಯ್ದೆವು.
ಜೀರುಂಡೆಗಳು ಬಿಸಿಲನ್ನು ಉಜ್ಜುತ್ತಿದ್ದವು.
"ಅವಳೇನಂದಳು?"
ಎರಡು ವರ್ಷದಲ್ಲಿ ಅವನು ಯಾರನ್ನಾದರೂ
ಏನೆಂದು ಕೇಳಿದ್ದು ಅದೇ ಮೊದಲು.
ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.
ಥ್ರಾಸೋಸ್ ವಾಪಸು ಹೋಗಿ ನೋಡಿದ,
ಬಾಗಿಲು ಹಾಕಿತ್ತು, ಪಾಳಿ ಮುಗಿದಿತ್ತು.
ಇಯೊರ್ದಾನಿಸ್ ಬೀಜ ಉಗಿದ. ಇನ್ನೊಂದು ಉಗಿದ.
ಆಮೇಲೆ ಜೇಬಿನ ಗುಂಡಿ ಬಿಚ್ಚಿದ.

ಕ್ಸಿಲೋಕಾಸ್ತ್ರೋ ಬರುವವರೆಗೂ ಯಾರೂ ಮಾತಾಡಲಿಲ್ಲ.
ಕೊಲ್ಲಿ ಈಗ ಬಲಕ್ಕೆ.
ಕಿಟಕಿಯ ಗಾಜು ಗಡಗಡ, ಗೇರು ಕಿರಕಿರ,
ಪೊಲಿಕ್ಸೇನಿಯ ಗೊರಕೆ.
"ಇದು ಮೊದಲಿಂದಲೂ ಹೀಗೇ ಅರಚುತ್ತಿತ್ತಾ?"
ಕಾರನ್ನು ಅಂದನೋ, ಅವಳನ್ನು ಅಂದನೋ,
ಥ್ರಾಸೋಸ್ "ಹ್ಞಾಂ?" ಎಂದ.

ಇನ್ನಷ್ಟು ಗಟ್ಟಿಯಾಗಿ ಕೇಳಬೇಕಾಯಿತು.