ಎಡಗೈಯ ಗೇರು

ಇದ್ದಿನಬ್ಬ ಮೊದಲು ಮೂಸಿ ನೋಡಿದರು.
ತುಕ್ಕಿಗೂ ಜಾತಿ ಉಂಟು ಬಾಯಮ್ಮ,
ಮಳೆಯದ್ದು ಬೇರೆ, ಉಪ್ಪುಗಾಳಿಯದ್ದು ಬೇರೆ.
ಇದು ಉಪ್ಪಿನದ್ದು. ಹಠ ಜಾಸ್ತಿ.

ಮಾರ್ನಮಿಕಟ್ಟೆಯಲ್ಲಿ ಅವರ ಅಂಗಡಿ ಎಂದರೆ
ಒಂದು ಶಟರು, ಅರ್ಧ ಬೆಂಚು,
ಗೋಡೆಯಲ್ಲಿ ಒಣಮೀನಿನ ಹಾಗೆ ನೇತಾಡುವ ಟ್ಯೂಬುಗಳು.
ನಾನು ನಿಂತದ್ದು ರಸ್ತೆಯಲ್ಲಿ.

ಅಪೊಲಿನ್ ಮಾವ್ಶಿಯ ಸೈಕಲ್ಲು ಇದು.
ಹಡಗಿನಲ್ಲಿ ಬಂದದ್ದಂತೆ,
ಹಿಂದಿನ ಚಕ್ರದ ಹೊಟ್ಟೆಯೊಳಗೆ ಮೂರು ಗೇರು.
ಬೋಳಾರದಿಂದ ಕುಲಶೇಖರದವರೆಗೆ
ಇದರ ಮೇಲೆ ಹೋಗಿ ಎಷ್ಟು ಹೆರಿಗೆ ಮಾಡಿಸಿದಳೋ,
ಲೆಕ್ಕ ಇಡುವುದು ಅಪಶಕುನ ಅನ್ನುತ್ತಿದ್ದಳು.
ಅವಳು ಹೋದ ಮೇಲೆ ತಮ್ಮ ಓಸ್ವಿ
ಶೋಕಿಗೆ ನೆಟ್ಟನೆ ಹ್ಯಾಂಡಲ್ಲು ಹಾಕಿಸಿದ,
ನಾಲ್ಕು ದಿನ ಮೆರೆದ, ಮರೆತ.
ಹಳೆಯದು ಅಟ್ಟದಲ್ಲಿತ್ತು,
ಗೋಣಿಯಲ್ಲಿ ಸುತ್ತಿ, ಕೋಣದ ಕೊಂಬಿನ ಹಾಗೆ ಬಾಗಿ.

ಬೋಲ್ಟು ಎರಡು ಸುತ್ತು ಸಡಿಲ.
ಮೇಲೊಂದು ಮರದ ತುಂಡು. ಸುತ್ತಿಗೆ.
ಇಲ್ಲ.
ಸೀಮೆಎಣ್ಣೆ. ಚಾ. ಇನ್ನೊಮ್ಮೆ ಸುತ್ತಿಗೆ.
ಇಲ್ಲ.
ಅಸರ್ ನಮಾಜಿಗೆ ಹೋಗಿ ಬಂದರು.
ಮತ್ತೆ ಒಂದೇ ಪೆಟ್ಟು, ಜೋರಿನದ್ದೂ ಅಲ್ಲ,
ಕೊಳವೆಯೊಳಗೆ ಎಂತದೋ ಕೆಳಗೆ ಜಾರಿತು
ಕೊಡ ಬಾವಿಯ ನೀರಿಗೆ ತಾಗಿದ ಹಾಗೆ.
ಎಂತ ಆಯ್ತು? ಹೆದರಿ ಕೇಳಿದೆ.
ಎಂತ ಇಲ್ಲ, ಕೋಪ ಇಳಿದದ್ದು.

ಮಾವ್ಶಿಯ ಹ್ಯಾಂಡಲ್ಲಿಗೆ ತೆಂಗಿನೆಣ್ಣೆ ಸವರಿ ಇಳಿಸಿದರು.
ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು
ಒಂದು ಕಣ್ಣು ಮುಚ್ಚಿ
ಹಟಮಾರಿ ಹುಡುಗನ ಬೈತಲೆ ತೆಗೆಯುವಂತೆ
ನೆಟ್ಟಗೆ ಮಾಡಿದರು.

ಇನ್ನು ಗೇರಿನದ್ದು:
ಬಂದೂಕಿನ ಕುದುರೆಯಂಥ ಪುಟ್ಟ ಕಡ್ಡಿ,
ಬಂದರಿನ ಗುಜರಿಯಲ್ಲಿ ಮೂರು ವಾರ ಹುಡುಕಿ ತಂದದ್ದು.
ಬಲಕ್ಕೆ ಹಾಕಿ, ಅಂದೆ,
ಎಲ್ಲರದ್ದೂ ಬಲಕ್ಕೇ, ಚಿತ್ರದಲ್ಲಿ ನೋಡಿದ್ದೇನೆ.
ಅವರು ಮಾತಾಡದೆ ಹ್ಯಾಂಡಲ್ಲನ್ನು ಬೆಳಕಿಗೆ ತಿರುಗಿಸಿದರು.
ಎಡಗಡೆ, ಹಿಡಿಯಿಂದ ನಾಲ್ಕು ಬೆರಳು ಒಳಗೆ,
ತುಕ್ಕು ಹಿಡಿಯದ ಒಂದು ಉಂಗುರ,
ಎಷ್ಟೋ ವರ್ಷ ಪಟ್ಟಿಯ ಕೆಳಗೆ ಬಿಸಿಲು ಕಾಣದ ಜಾಗ.
ಈ ಬಾಯಮ್ಮನ ಬಲಗೈಗೆ ಬೇರೆ ಕೆಲಸ ಇತ್ತು, ಅಂದರು.

ಇತ್ತು.
ಮರೆತೇಬಿಟ್ಟಿದ್ದೆ.
ಕುತ್ತಿಗೆಗೆ ನೇತ ಚೀಲ, ಅದರಲ್ಲಿ ಸ್ಟೀಲಿನ ಡಬ್ಬಿ,
ಡಬ್ಬಿಯಲ್ಲಿ ಕುದಿಸಿದ ಕತ್ತರಿ, ದಾರ.
ಅದು ಗಿಲಗಿಲ ಅನ್ನದ ಹಾಗೆ
ಬಲಗೈಯಲ್ಲಿ ಎದೆಗೆ ಒತ್ತಿಕೊಂಡೇ ಹೋಗುತ್ತಿದ್ದಳು,
ಜೆಪ್ಪುವಿನ ನಾಯಿಗಳು ಏಳಬಾರದೆಂದು.
ತಿರುವು, ಬ್ರೇಕು, ಗೇರು, ಗಂಟೆ,
ಪೂರಾ ಸಂಸಾರ ಎಡಗೈಯದ್ದು.

ಎಡಕ್ಕೇ ಕೂತಿತು.
ತಂತಿ ಇಳಿಯಿತು, ಮಿಡತೆಯಷ್ಟು ಸರಪಳಿಯನ್ನು ಸೇರಿತು.
ಎರಡರಲ್ಲಿ ಇಟ್ಟು, ಅಚ್ಚಿನ ಕಿಂಡಿಗೆ ಕಣ್ಣಿಟ್ಟು
ಕೂದಲೆಳೆಯಷ್ಟು ಬಿಗಿ, ಕೂದಲೆಳೆಯಷ್ಟು ಸಡಿಲ.
ಹುಷಾರು, ಅಂದರು,
ಎರಡಕ್ಕೂ ಮೂರಕ್ಕೂ ನಡುವೆ ಒಂದು ಏನೂ ಇಲ್ಲದ ಜಾಗ ಉಂಟು.
ಅಲ್ಲಿ ಸಿಕ್ಕಿದರೆ ತುಳಿದದ್ದೆಲ್ಲ ಗಾಳಿಗೆ.

ಅದನ್ನೂ ಅವಳು ಹೇಳಿದ್ದುಂಟು, ನಗುತ್ತ:
ಕುಲಶೇಖರದ ಏರಿನಲ್ಲಿ ಒಮ್ಮೆ ಕಾಲು ಸುಮ್ಮನೆ ತಿರುಗಿ
ಇಳಿದು ತಳ್ಳಿಕೊಂಡು ಮುಟ್ಟುವಾಗ
ಮಗು ಯಾರನ್ನೂ ಕಾಯದೆ ಬಂದು
ಅಜ್ಜಿಯ ಮಡಿಲಲ್ಲಿ ಸೀನುತ್ತಿತ್ತಂತೆ.

ಒಂದು ಸುತ್ತು ಬಿಟ್ಟು ನೋಡಿ, ಅಂದರು ಇದ್ದಿನಬ್ಬ.
ನನಗೆ ಸೈಕಲ್ ಬರುವುದಿಲ್ಲ.
ಐವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ,
ಹೇಳುವಾಗ ನಾಚಿಕೆಯಾಯಿತು.
ಅವರು ನಗಲಿಲ್ಲ. ದುಡ್ಡು ಎಣಿಸಿ,
ಇಪ್ಪತ್ತು ವಾಪಸು ಕೊಟ್ಟರು.

ತಳ್ಳಿಕೊಂಡೇ ಹೊರಟೆ.
ಎಡಗೈ ಹಿಡಿಯ ಮೇಲೆ, ಹೆಬ್ಬೆರಳು ತಾನಾಗಿ
ಟಿಕ್. ಒಂದು. ಟಿಕ್. ಎರಡು.
ಬಲಗೈಗೆ ಏನು ಕೊಡುವುದೆಂದು ಗೊತ್ತಾಗಲಿಲ್ಲ.
ಮೋರ್ಗನ್ಸ್ ಗೇಟಿನ ಹತ್ತಿರ
ಬುಟ್ಟಿ ಇಟ್ಟು ಕೂತಿದ್ದವಳಲ್ಲಿ
ಅರ್ಧ ಕೇಜಿ ಬಂಗುಡೆ ಕಟ್ಟಿಸಿ
ಎದೆಗೆ ಒತ್ತಿ ಹಿಡಿದೆ.

ಸದ್ದೇ ಇರಲಿಲ್ಲ.
ಆದರೂ ಜೆಪ್ಪುವಿನ ನಾಯಿಗಳೆಲ್ಲ ಎದ್ದವು.