ಎಡಗೈ ಬಂಗಾರ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಚಾತು ಆಚಾರಿ ಎಡಗೈಯವನು.
ಚಿಮಟ ಬಲಗೈಲಿ, ಸುತ್ತಿಗೆ ಎಡಗೈಲಿ;
ಎದುರು ಕೂತವರಿಗೆ
ಕನ್ನಡಿಯೊಳಗೊಬ್ಬ ಅಕ್ಕಸಾಲಿಗ ಕಂಡಂತೆ.

ನಾನು ಕೇಳಿದ್ದು ಒಂದು ಗುಲಗಂಜಿ ತೂಕ ಚೊಕ್ಕ ಚಿನ್ನ,
ಕಾಲೇಜಿನ ಪ್ರಯೋಗಕ್ಕೆ.
ಯಾರದೋ ಜೋಮಾಲೆಗೆ ಅರ ಹಾಕುವಾಗ ಉದುರಿದ ಪುಡಿಯೋ,
ಚಾಪೆ ಕೊಡವಿದ ಧೂಳೋ,
ಆ ಲೆಕ್ಕ ನಾನು ಕೇಳಲಿಲ್ಲ.

‘ಏನು ಮಾಡುತ್ತೀರಿ ಟೀಚರೇ ಇಷ್ಟರಲ್ಲಿ?’
‘ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಾಳು ಮಾಡಿ,
ಅದಕ್ಕೆ ಎಡ ಬಲ ಕಲಿಸುತ್ತೇನೆ.’
ನಕ್ಕ. ‘ಬಂಗಾರಕ್ಕೆ ಎಡ ಯಾವುದು, ಬಲ ಯಾವುದು?
ಐವತ್ತು ವರ್ಷ ಬಡಿದಿದ್ದೇನೆ.
ಯಾವ ಕಡೆಯಿಂದ ಬಡಿದರೂ ಅದಕ್ಕೆ ಒಂದೇ.’

ನಿಜ. ರಾಜದ್ರಾವಕದಲ್ಲಿ ಹಳದಿಯಾಗಿ ಕರಗಿ,
ಸಿಟ್ರೇಟು ಬಿದ್ದು ಕುದಿದು,
ಮೊದಲು ಬೂದು, ಆಮೇಲೆ ಮಾಗಿದ ಕಾಫಿ ಹಣ್ಣಿನ ಕೆಂಪು.
ಆ ಕೆಂಪಿಗೂ ಕೈಯಿಲ್ಲ.
ಬೆಳಕು ಎಡಕ್ಕೆ ಸುರುಳಿ ಸುತ್ತಿ ಬರಲಿ, ಬಲಕ್ಕೆ ಸುತ್ತಿ ಬರಲಿ,
ಸಮನಾಗಿ ನುಂಗುತ್ತದೆ, ಪಂಕ್ತಿಭೇದವಿಲ್ಲ.

ಕೈಯಿರುವುದು ಸಿಸ್ಟೀನಿಗೆ.
ನನ್ನ ಕೂದಲಲ್ಲಿ, ಉಗುರಲ್ಲಿ,
ಪೀಚೆಕತ್ತಿಯ ಕೊಂಬಿನ ಹಿಡಿಯಲ್ಲಿ
ಇರುವುದೆಲ್ಲ ಎಡಗೈ ಬಗೆ.
ಅದರ ಕನ್ನಡಿಜೋಡಿ ಬಾಟಲಿಯಲ್ಲೇ ಬರಬೇಕು.
ಬಿಲ್ಲು ಪಾಸಾಗಲು ಎಂಟು ತಿಂಗಳು.

ಗಂಧಕದ ತುದಿಯಿಂದ ಬಂಗಾರವನ್ನು ಕಚ್ಚುತ್ತದೆ ಅದು,
ಮೀನಖಂಡಕ್ಕೆ ಹತ್ತಿದ ಜಿಗಣೆಯ ಹಾಗೆ.
ಮೊದಲೆರಡು ಸಲ ಕಾಳೆಲ್ಲ ಗುಂಪುಗೂಡಿ
ನೀಲಿಗಟ್ಟಿ ತಳ ಸೇರಿತು.
ಅಟೆಂಡರ್ ಬೊಳ್ಳವ್ವ ಮಾತಾಡದೆ ಗಾಜು ತೊಳೆದಳು.
ಮೂರನೆಯದು ನಿಂತಿತು.

ಅಳೆಯುವ ಯಂತ್ರ ನಮ್ಮಲ್ಲಿಲ್ಲ.
ಐಸಿನ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು ಆರೂವರೆಯ ಬಸ್ಸು.
ಗೋಣಿಕೊಪ್ಪ. ತಿತಿಮತಿಯಲ್ಲಿ
ಆನೆ ದಾಟಲೆಂದು ಇಪ್ಪತ್ತು ನಿಮಿಷ.
ಹುಣಸೂರು, ಮೈಸೂರು.

ಮೂರು ಸೀಸೆ, ಮೂರು ಗೆರೆ.
ಎಡಗೈ ಅಣು ಕಚ್ಚಿದ ಬಂಗಾರ: ಒಂದು ಗುಡ್ಡ.
ಬಲಗೈ ಅಣು ಕಚ್ಚಿದ್ದು: ಅದೇ ಗುಡ್ಡ, ಕೆರೆಯಲ್ಲಿ, ತಲೆಕೆಳಗು.
ಎರಡನ್ನೂ ಸಮಸಮ ಬೆರೆಸಿದ್ದು:
ಪೊನ್ನಂಪೇಟೆಯ ಗದ್ದೆ, ಕೊಯ್ಲಾದ ಮೇಲೆ.

ಗುಡ್ಡ ಎದ್ದದ್ದು ಹಸಿರು ಬೆಳಕಿನ ಜಾಗದಲ್ಲಿ.
ಅಣುವಿಗೆ ಹಸಿರಿನ ಗೊಡವೆಯಿಲ್ಲ,
ಅದರ ವ್ಯವಹಾರವೆಲ್ಲ ನೇರಳೆಯಾಚೆ.
ಬಂಗಾರಕ್ಕೆ ಎಡಬಲದ ಗೊಡವೆಯಿಲ್ಲ.
ಒಬ್ಬರಲ್ಲೂ ಇರದದ್ದು
ಇಬ್ಬರೂ ತಾಗಿದ ಕಡೆ ಹುಟ್ಟಿತ್ತು.
ಯಂತ್ರದ ಹುಡುಗ ‘ಮೇಡಂ, ಪ್ರಿಂಟು?’ ಎಂದು
ಎರಡು ಸಲ ಕೇಳಿದನಂತೆ.

ನಾನು ಬಾಗಲಕೋಟೆಯವಳು.
ಹುತ್ತರಿಯ ದಿನ ಬೊಳ್ಳವ್ವ ನನಗೆ ಸೀರೆ ಉಡಿಸಿದಳು,
ನೆರಿಗೆ ಬೆನ್ನಿಗೆ, ಸೆರಗು ಬಲಹೆಗಲಿಗೆ.
ಅದೇ ಇಳಕಲ್ ಸೀರೆ, ಕನ್ನಡಿಯಲ್ಲಿ ಬೇರೆ ಯಾರೋ.
ಒಳ್ಳೆಯ ಉದಾಹರಣೆ ಅನ್ನಿಸಿತು,
ತರಗತಿಯಲ್ಲಿ ಹೇಳಲಿಲ್ಲ.
ಬಿಚ್ಚಿ ಮಡಿಸಿದರೆ ಸೀರೆ ಮತ್ತೆ ಬರೀ ಸೀರೆ.
ಕಚ್ಚಿದ ಅಣುವನ್ನು ಕಿತ್ತ ಮೇಲೆ
ಬಂಗಾರದ ಮೈಮೇಲೆ ತಿರುಚು ಉಳಿದೀತೋ?
ಕೆಲವರು ಉಳಿಯುತ್ತದೆ ಅನ್ನುತ್ತಾರೆ.
ನನ್ನ ಬಳಿ ಇನ್ನು ಅಷ್ಟು ಚಿನ್ನವಿಲ್ಲ.

ಗೆರೆಗಳ ಕಾಗದ ಒಯ್ದು ತೋರಿಸಿದೆ.
ಆಚಾರಿ ತಲೆಕೆಳಗಾಗಿ ಹಿಡಿದ,
ಗುಡ್ಡ ಹಳ್ಳವಾಯಿತು, ಹಳ್ಳ ಗುಡ್ಡ.
ತಿದ್ದಲು ಹೋಗಲಿಲ್ಲ.
ಕಿತ್ತ ಮೇಲಿನ ಮಾತು ಮಾತ್ರ ಕೇಳಿದೆ.
ಉತ್ತರಿಸದೆ ಸುತ್ತಿಗೆ ನನ್ನತ್ತ ಚಾಚಿದ.

ಬಲಗೈಲಿ ಹಿಡಿದೆ. ಹಿಡಿ ಒಪ್ಪಲಿಲ್ಲ.
ಹೆಬ್ಬೆರಳು ಕೂರಬೇಕಾದ ತಗ್ಗು
ಆಚೆ ಮಗ್ಗುಲಲ್ಲಿ, ಎಣ್ಣೆಗಪ್ಪಾಗಿ, ನುಣ್ಣಗೆ.
ಎಡಗೈಗೆ ಬದಲಿಸಿದೆ.
ಕೂತಿತು.
ಬಡಿಯಲು ಬರಲಿಲ್ಲ.